ಗೇಟು ದಾಟಿದವರು

"ಬಿಲ್ಲೆ?" ಎಂದ ಕಾನೂನಣ್ಣ, ಪುಸ್ತಕದಿಂದ ತಲೆ ಎತ್ತದೆ. ಬೆಳಿಗ್ಗೆಯಿಂದ ಆ ಒಂದೇ ಮಾತನ್ನು ನೂರು ಸಲ ಕೇಳಿ ಅವನ ನಾಲಿಗೆ ಮರಗಟ್ಟಿಹೋಗಿತ್ತು.

"ನಂಗೆಲ್ಲಿಂದ ಬರ್ಬೇಕೋ ಬಿಲ್ಲೆ?"

ಅಕ್ಕನ ದನಿ. ತಲೆ ಎತ್ತಿ ನೋಡಿದರೆ ಅಕ್ಕನೇ. ಆಸ್ಪತ್ರೆಯ ದೊಡ್ಡ ಲಕೋಟೆಯನ್ನು ಎದೆಗವಚಿಕೊಂಡು ನಿಂತಿದ್ದಳು. ಏನಿಲ್ಲವೆಂದರೂ ಎರಡು ಗಂಟೆ ಸಾಲಿನಲ್ಲಿ ನಿಂತಿರಬೇಕು. ಮೇಜಿನ ಹಿಂದೆ ಕೂತಿರುವವನು ತಮ್ಮನೆಂದು ಸಾಲು ಮುರಿದು ಮುಂದೆ ಬರುವವಳಲ್ಲ ಅವಳು.

ಕಾನೂನಣ್ಣ ಎಂಬುದು ಅವನಿಗೆ ಗೆಳೆಯರು ಇಟ್ಟ ಹೆಸರು. ಕಾನೂನು ಓದಿದವನೇನಲ್ಲ, ಲಾರಿ ಬ್ರೇಕಿನ ಪಟ್ಟಿಗಳನ್ನು ಉಜ್ಜುವ ಯಂತ್ರದ ಮುಂದೆ ಹತ್ತೊಂಬತ್ತು ವರ್ಷ ನಿಂತವನು. ಆದರೆ ಕೈಗೆ ಸಿಕ್ಕ ಕಾಗದವನ್ನೆಲ್ಲ ಕೊನೆಯ ಸಾಲಿನವರೆಗೆ ಓದುವ ಚಟ ಅವನಿಗೆ. ಅದಕ್ಕೇ ಸಂಘದವರು ಅವನನ್ನು ಕಾರ್ಯದರ್ಶಿ ಮಾಡಿದ್ದು. ಕಾರ್ಖಾನೆ ಮುಚ್ಚಿ ಆರು ವರ್ಷವಾದರೂ ಅದರ ಬೂದುಬಣ್ಣದ ಧೂಳು ಕೆಲಸದವರ ಎದೆಯಲ್ಲೇ ಉಳಿದುಕೊಂಡಿತ್ತು. ಮೂರು ವರ್ಷ ಹೋರಾಡಿದ ಮೇಲೆ ಕಂಪನಿ ಕಡೆಗೂ ಒಪ್ಪಿತ್ತು: ಬದುಕಿರುವವರೆಗೆ ಆಸ್ಪತ್ರೆ, ಔಷಧಿ, ಬೇಕಾದವರಿಗೆ ಮನೆಯಲ್ಲೇ ಉಸಿರಾಟದ ಯಂತ್ರ.

ಯಾರಿಗೆ ಎಂಬ ಮಾತು ಒಪ್ಪಂದದ ಎರಡನೇ ಕಲಮಿನಲ್ಲಿತ್ತು. ಕಾಯಂ ನೌಕರರಿಗೆ ಮಾತ್ರ ಎಂದಿತ್ತು ಕಂಪನಿ. ಕಾನೂನಣ್ಣ ಹನ್ನೊಂದು ದಿನ ಹಿಡಿದ ಪಟ್ಟು ಬಿಡಲಿಲ್ಲ. ಗುತ್ತಿಗೆಯವರು, ಕ್ಯಾಂಟೀನಿನವರು, ಕಸ ಗುಡಿಸುವವರು, ಯಾರನ್ನೂ ಹೊರಗೆ ಬಿಡಬಾರದೆಂದು ಒಂದು ಸಾಲನ್ನು ತಾನೇ ಕೂತು ಬರೆದ: 'ಗೇಟು ದಾಟಿ ಬಿಲ್ಲೆ ಪಡೆದು ಕೆಲಸಕ್ಕೆ ಬಂದ ಪ್ರತಿಯೊಬ್ಬರೂ.' ಪ್ರತಿದಿನ ಬೆಳಿಗ್ಗೆ ಗೇಟಿನ ಹಲಗೆಯಿಂದ ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಒಳಗೆ ಹೋಗುವುದು, ಸಂಜೆ ಮತ್ತೆ ಅಲ್ಲೇ ನೇತುಹಾಕುವುದು ಅಲ್ಲಿಯ ಪದ್ಧತಿ. ಕೊನೆಯ ದಿನ ಮಾತ್ರ ಯಾರೂ ನೇತುಹಾಕಲಿಲ್ಲ, ಎಲ್ಲರೂ ಮನೆಗೆ ಒಯ್ದರು. ಈಗ ಅದನ್ನು ತಂದು ತೋರಿಸಿದವರ ಹೆಸರನ್ನು ಕಾನೂನಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ. ಆ ಸಾಲು ಓದಿದಾಗ ಇಡೀ ಸಂಘ ಚಪ್ಪಾಳೆ ತಟ್ಟಿತ್ತು.

ಅಕ್ಕ ಗೇಟು ದಾಟಿದವಳೇ ಅಲ್ಲ. ಕೆಲಸದವರು ಧೂಳು ಹಿಡಿದ ಕೋಟುಗಳನ್ನು ಮನೆಗೆ ಒಯ್ಯುವಂತಿರಲಿಲ್ಲ. ಹಿಂಭಾಗದ ಗೋಡೆಯಲ್ಲಿ ಒಂದು ಸಣ್ಣ ಕಿಟಕಿಯಿತ್ತು. ಶನಿವಾರ ಅದರಲ್ಲಿ ಕೋಟು ತೂರಿಸಿದರೆ ಸೋಮವಾರ ಒಗೆದು ಬರುತ್ತಿತ್ತು. ಗೋಡೆಯಾಚೆ, ರಸ್ತೆಯ ಕಡೆಗೆ, ಒಂದು ತಗಡಿನ ಶೆಡ್ಡು. ಅದರಲ್ಲಿ ಮೂವರು ಹೆಂಗಸರು. ನೆನೆಹಾಕುವ ಮೊದಲು ಅವರು ಒಂದೊಂದೇ ಕೋಟನ್ನು ಜೋರಾಗಿ ಕೊಡವಬೇಕಿತ್ತು, ಇಲ್ಲದಿದ್ದರೆ ತೊಟ್ಟಿಯ ನೀರೆಲ್ಲ ಕೆಸರು. ಕೋಟು ಅದಲುಬದಲಾಗಬಾರದೆಂದು ಕಾಲರಿನ ಒಳಗೆ ಕೆಂಪು ದಾರದಲ್ಲಿ ಬಿಲ್ಲೆಯ ನಂಬರು ಹೊಲಿಯುತ್ತಿದ್ದವಳು ಅಕ್ಕ.

ಹತ್ತೊಂಬತ್ತು ವರ್ಷ ಪ್ರತಿ ಶನಿವಾರ ಕಾನೂನಣ್ಣ ಆ ಕಿಟಕಿಗೆ ಬಾಯಿಟ್ಟು "ಅಕ್ಕಾ, ತಗೋ" ಎಂದು ಕೂಗಿದ್ದ. ಆ ಹನ್ನೊಂದು ದಿನಗಳಲ್ಲಿ ಒಂದು ಸಲವೂ ಅವನಿಗೆ ಕಿಟಕಿ ನೆನಪಾಗಲಿಲ್ಲ. ಕಾರ್ಖಾನೆ ಎಂದರೆ ಎಲ್ಲರಿಗೂ ಗೇಟೇ ಕಣ್ಣಿಗೆ ಬರುತ್ತಿತ್ತು, ಅವನಿಗೂ ಅಷ್ಟೇ.

ಲಕೋಟೆ ಬಿಚ್ಚಿ ಓದಿದ. ಬೆಳಿಗ್ಗೆಯಿಂದ ಓದಿದ್ದ ಉಳಿದ ವರದಿಗಳಲ್ಲಿದ್ದ ಮಾತುಗಳೇ ಇದರಲ್ಲೂ ಇದ್ದವು. ಕೊನೆಯಲ್ಲಿ, ಮನೆಯಲ್ಲಿ ಯಂತ್ರ ಅಗತ್ಯ ಎಂದು ಡಾಕ್ಟರು ಬರೆದು ಕೆಳಗೆ ಗೆರೆ ಎಳೆದಿದ್ದರು. ಏನೂ ಅನ್ನಿಸುತ್ತಿಲ್ಲವಲ್ಲ ಎಂದಷ್ಟೇ ಅನ್ನಿಸಿತು.

"ಕೂತಿರು, ಬಂದೆ" ಎಂದು ಎದ್ದು ಪಕ್ಕದ ಕೋಣೆಗೆ ಹೋದ. ಅಲ್ಲಿ ಕಂಪನಿಯ ಅಧಿಕಾರಿ ಇದ್ದಳು, ಅವನ ಮಗಳ ವಯಸ್ಸಿನವಳು. ಎಲ್ಲವನ್ನೂ ಕೇಳಿಸಿಕೊಂಡಳು. ಒಳ್ಳೆಯ ಹುಡುಗಿಯೇ, ನೀರು ಕುಡೀರಿ ಎಂದು ಲೋಟ ಸರಿಸಿದಳು.

"ಆ ಸಾಲು ಬರೆದೋರು ನೀವೇ ಅಲ್ವಾ ಸರ್. ತಿದ್ದಬಹುದು. ಆದ್ರೆ ತಿದ್ದಬೇಕಂದ್ರೆ ಒಪ್ಪಂದ ಪೂರ್ತಿ ತೆರೀಬೇಕು. ತೆರೆದ್ರೆ ನಮ್ಮೋರೂ ಸುಮ್ನೆ ಕೂರಲ್ಲ. ಆಮೇಲೆ ಕ್ಯಾಂಟೀನಿನೋರು, ಗುತ್ತಿಗೆಯೋರು ಉಳೀತಾರೆ ಅಂತ ನಾನು ಹೇಳೋಕಾಗಲ್ಲ."

ಸಂಘದ ಅಧ್ಯಕ್ಷ ವರಾಂಡದ ಬೆಂಚಿನ ಮೇಲೆ ಕೂತಿದ್ದ. ಮೊದಲ ಕಂತಿನಲ್ಲಿ ಬಂದ ಯಂತ್ರ ಅವನ ಕಾಲ ಬಳಿ ಗುರುಗುಟ್ಟುತ್ತಿತ್ತು, ಅದರ ನಳಿಗೆ ಮೂಗಿನಲ್ಲಿತ್ತು. ಮಾತುಮಾತಿಗೂ ನಿಲ್ಲಿಸಿ ಹೇಳಿದ: "ಮೂರು ಜನಕ್ಕೋಸ್ಕರ... ಮುನ್ನೂರು ಜನರದ್ದು ಮತ್ತೆ ಚರ್ಚೆಗೆ ಇಡೋಕಾಗುತ್ತಾ? ನೀನೇ ಹೇಳಪ್ಪ."

"ಇಬ್ಬರು" ಎಂದ ಕಾನೂನಣ್ಣ. "ಒಬ್ಬಳು ಹೋದ ವರ್ಷ ಹೋದಳು."

ಯಂತ್ರ ಸದ್ದು ಮಾಡುತ್ತಲೇ ಇತ್ತು. ಕಾನೂನಣ್ಣ ತನ್ನ ಕುರ್ಚಿಗೆ ಬಂದ.

"ಆಗಲ್ವಂತೆ" ಎಂದ.

ಅಕ್ಕ ಲಕೋಟೆಯ ಬಾಯಿ ಮಡಚಿದಳು. "ಹನ್ನೊಂದು ದಿನ ಕೂತಿದ್ರಲ್ಲೋ. ಕೋಟು ಯಾರು ಒಗೀತಿದ್ರು ಅಂತ ಒಬ್ರೂ ಕೇಳ್ಲಿಲ್ವಾ?"

"ಇಲ್ಲ."

"ನೀನು?"

"ನಾನೂ ಇಲ್ಲ."

ಬೈಯುತ್ತಾಳೇನೋ ಎಂದು ಕಾದ. ಬೈದಿದ್ದರೆ ಚೆನ್ನಾಗಿತ್ತು. ಅವಳು ಕೆಮ್ಮಿದಳು, ಕೆಮ್ಮು ನಿಂತ ಮೇಲೆ ಕರವಸ್ತ್ರ ನಾಲ್ಕು ಮಡಿಕೆ ಮಾಡಿ ಒಳಗಿಟ್ಟುಕೊಂಡಳು.

ಅವಳ ಹಿಂದಿದ್ದ ಮುದುಕ ಅಷ್ಟರಲ್ಲಿ ಮುಂದೆ ಬಂದ. ಬಿಲ್ಲೆ ಮನೆ ಬದಲಿಸುವಾಗ ಕಳೆದುಹೋಗಿದೆ, ನಂಬರು ನೆನಪಿಲ್ಲ ಎಂದು ಕೈ ಕೈ ಹಿಸುಕಿಕೊಂಡ. ಹೆಸರು ಪಟ್ಟಿಯಲ್ಲಿದ್ದರೆ ಸಾಲದು, ಬಿಲ್ಲೆ ಕಳೆದವರ ನಂಬರನ್ನು ಬಲ್ಲವರು ಯಾರಾದರೂ ಹೇಳಿ ಸಾಕ್ಷಿ ಹಾಕಬೇಕೆಂಬ ನಿಯಮವಿತ್ತು. ಬಂದವರಿಗೆಲ್ಲ ತಮ್ಮ ನಂಬರೇ ಮರೆತಿರುವಾಗ ಮತ್ತೊಬ್ಬರದು ಹೇಳುವವರು ಎಲ್ಲಿ?

"ಮುನ್ನೂರ ನಾಲ್ಕು" ಎಂದಳು ಅಕ್ಕ, ತಿರುಗಿಯೂ ನೋಡದೆ, ದನಿಯಿಂದಲೇ ಗುರುತು ಹಿಡಿದು. "ಬಲಗಡೆ ತೋಳು ಗಿಡ್ಡ ಮಾಡಿಸ್ಕೊಂಡಿದ್ರು. ಯಂತ್ರಕ್ಕೆ ಸಿಕ್ಕಿಕೊಳ್ಳುತ್ತೆ ಅಂತ."

"ಹೌದು ತಾಯಿ! ಹೌದು!" ಎಂದು ಮುದುಕ ಮೇಜು ಹಿಡಿದುಕೊಂಡ. ಕಂಪನಿಯ ಹಳೆಯ ಪಟ್ಟಿಯಲ್ಲಿ ನೋಡಿದರೆ ಮುನ್ನೂರ ನಾಲ್ಕೇ. ಸಾಕ್ಷಿ ಹಾಕುವವರ ಬಳಿ ಬಿಲ್ಲೆ ಇರಬೇಕೆಂದು ಎಲ್ಲೂ ಬರೆದಿಲ್ಲ, ಅವರು ಹಾಕಬಹುದು ಎಂದಳು ಪಟ್ಟಿ ಹಿಡಿದು ಬಂದಿದ್ದ ಅಧಿಕಾರಿ.

ಆ ದಿನವೂ ಮರುದಿನವೂ ಅಕ್ಕ ತಮ್ಮನ ಪಕ್ಕದಲ್ಲೇ ಕೂತಳು. ಮನೆಗೆ ಹೋಗು ಎಂದು ಅವನು ಎರಡು ಸಲ ಹೇಳಿದ. "ಹೋಗಿ ಏನ್ಮಾಡ್ಲಿ? ಅಲ್ಲೂ ಕೂತಿರೋದೇ, ಇಲ್ಲೂ ಕೂತಿರೋದೇ" ಎಂದಳು. ಬಂದವರ ಮುಖ ಅವಳಿಗೆ ಅಷ್ಟಾಗಿ ಗೊತ್ತಿರಲಿಲ್ಲ, ಕಿಟಕಿಯಲ್ಲಿ ಬರುತ್ತಿದ್ದದ್ದು ಬರೀ ಕೈ, ಕೆಲವರ ದನಿ. ಯಾವ ವಿಭಾಗ, ಕೋಟು ಎಲ್ಲಿ ಹರಿದಿತ್ತು, ಗುಂಡಿ ಯಾವ ಬಣ್ಣದ್ದು ಎಂದು ಕೇಳಿ ನಂಬರು ಹೇಳುತ್ತಿದ್ದಳು. ಒಬ್ಬನಿಗೆ "ನಿಮ್ಮ ಜೇಬಲ್ಲಿ ಯಾವಾಗ್ಲೂ ಕಡಲೆಬೀಜದ ಸಿಪ್ಪೆ ಇರ್ತಿತ್ತಲ್ರೀ, ತೊಟ್ಟಿ ಕಟ್ಟಿಕೊಳ್ತಿತ್ತು" ಎಂದಾಗ ಇಡೀ ಸಾಲು ನಕ್ಕಿತು. ಅವನೂ ನಕ್ಕ, ಪುಸ್ತಕದಲ್ಲಿ ಹೆಸರು ಬರೆಸಿ ಹೋದ. ಅವಳಿಗೆ ನಿಮ್ಮದಾಯಿತೇ ಎಂದು ಯಾರೂ ಕೇಳಲಿಲ್ಲ, ಆಗಿಯೇ ಇರುತ್ತದೆಂದುಕೊಂಡಿರಬೇಕು.

ಎರಡನೇ ದಿನ ಮಧ್ಯಾಹ್ನ ಮೂರಕ್ಕೆ ಸಾಲು ಕರಗಿತು. ಕಾನೂನಣ್ಣ ಪೆನ್ನು ಕೆಳಗಿಟ್ಟು ಬೆರಳ ನೆಟಿಗೆ ಮುರಿದ.

"ಎಲ್ಲಾರ್ದೂ ಆಯ್ತಾ?"

"ಆಯ್ತು."

"ನಿಂದು?"

ಅವನದು ಆಗಿರಲಿಲ್ಲ. ಅಂಗಿಯ ಜೇಬಿನಲ್ಲಿ ಬಿಲ್ಲೆ ನಿನ್ನೆಯಿಂದ ಹಾಗೇ ಇತ್ತು. "ನಂದು ಕಳೆದುಹೋಯ್ತು ಅಕ್ಕ" ಎಂದ. "ನಂಬರೂ ನೆನಪಿಲ್ಲ. ಬಿಡು, ನಂದೇನು ಅಂಥಾ ಕೆಮ್ಮಲ್ಲ."

ಅಕ್ಕ ಅವನ ಜೇಬು ನೋಡಿದಳು. ತೆಳು ಬಟ್ಟೆಯೊಳಗೆ ಬಿಲ್ಲೆಯ ದುಂಡು ಎದ್ದು ಕಾಣುತ್ತಿತ್ತು.

"ಇನ್ನೂರ ಹದಿನೇಳು" ಎಂದಳು. "ಎಡಜೇಬಿನ ಹೊಲಿಗೆ ವಾರಕ್ಕೊಂದ್ಸಲ ಬಿಚ್ಚೋದು. ಎಷ್ಟು ಹೊಲಿದ್ರೂ ಅಷ್ಟೇ. ಬರಿ."

"ಅಕ್ಕ..."

"ಬರಿಯೋ ಅಂದ್ರೆ."

ಬರೆದ. ತನ್ನ ಹೆಸರು, ತನ್ನ ನಂಬರು. ಅಕ್ಷರ ಎಂದಿನಂತೆ ದುಂಡಗೇ ಬಂತು. ಅಕ್ಕ ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು, ಕೊನೆಯ ಕಾಲಮ್ಮಿನಲ್ಲಿ, ಸಾಕ್ಷಿ ಎಂದಿದ್ದ ಕಡೆ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದಳು. ಆ ಪುಸ್ತಕದಲ್ಲಿ ಅದು ಅವಳ ಅರವತ್ತನಾಲ್ಕನೇ ಸಹಿ. ಪೆನ್ನಿಗೆ ಮುಚ್ಚಳ ಹಾಕಿ, ಲಕೋಟೆ ಎತ್ತಿಕೊಂಡು ಬಾಗಿಲ ಕಡೆ ನಡೆದಳು.

ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ನಿಂತಳು. ಹೊಸ್ತಿಲಾಚೆ ಗೋಡೆಗೆ ಕೈಯೂರಿ, ಬೆನ್ನು ತಿರುಗಿಸಿಕೊಂಡು, ಉಸಿರು ಕೂಡಿಬರಲೆಂದು ಕಾಯುತ್ತಿದ್ದಳು. ಕಾನೂನಣ್ಣ ಪುಸ್ತಕ ಮುಚ್ಚಲು ಹೋಗಿ ಕೈ ಹಿಂದೆಗೆದ. ಅವಳ ಸಹಿಯ ಶಾಯಿ ಇನ್ನೂ ಆರಿರಲಿಲ್ಲ.