ಟಾಸ್ಕ್‌ಬಾರ್ ಮತ್ತು ನಮ್ಮಕ್ಕ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನಮ್ಮಕ್ಕನಿಗೆ ಅದು ಎಲ್ಲಿದೆಯೋ ಇವತ್ತಿಗೂ ಗೊತ್ತಿಲ್ಲ. ಕಣ್ಣಿನ ಆಸ್ಪತ್ರೆಯ ಥಿಯೇಟರಿನಲ್ಲಿ ಡಾಕ್ಟರ ಪಕ್ಕ ನಿಂತು, ತಲೆ ನರೆಯುವವರೆಗೂ ಕತ್ತರಿ, ಸೂಜಿ ಕೊಟ್ಟವಳು ಅವಳು. ಈಗ ಮಂಡಿ ಕೈಕೊಟ್ಟಿತು. ಡಾಕ್ಟರು ಅವಳನ್ನು ಆಸ್ಪತ್ರೆಯ ಮುಂಭಾಗದ ಕೌಂಟರಿನಲ್ಲಿ ಕೂರಿಸಿದರು. ಆದರೆ ಅಲ್ಲಿ ಎಲ್ಲವೂ ಕಂಪ್ಯೂಟರಿನಲ್ಲೇ. ಸೋಮವಾರದೊಳಗೆ ಕಲಿತರೆ ಸರಿ, ಇಲ್ಲದಿದ್ದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಮೆತ್ತಗೆ ಹೇಳಿದರಂತೆ. ಆ ಕಂಪ್ಯೂಟರಿನ ಮುಂದೆಯೇ ಕೂತು ಕಲಿಸುವ ಕೆಲಸ ನನ್ನ ತಲೆಗೆ ಬಂತು.

"ಮನೇಲಿ ಕೂತ್ರೆ ನಾನು ಬದುಕಲ್ಲ ಕಣೇ," ಎಂದಳು. ಅವಳು ಹಾಗೆಲ್ಲ ಮಾತಾಡುವವಳೇ ಅಲ್ಲ.

ಮೌಸು, ಕೀಬೋರ್ಡು ಬೇಗ ಕೈಗೆ ಹತ್ತಿದವು. ತೊಡಕಾದದ್ದು ಒಂದೇ ಕಡೆ. ಅಪಾಯಿಂಟ್‌ಮೆಂಟಿನ ಪುಟ ತೆರೆಯುತ್ತಾಳೆ, ನಡುವೆ ರಿಪೋರ್ಟ್ ಬೇಕಾದರೆ ಅದನ್ನು ಕೆಳಗಿಳಿಸುತ್ತಾಳೆ. ಮತ್ತೆ ಬೇಕಾದಾಗ ಪರದೆಯ ಅಡಿಯ ಪಟ್ಟಿ, ಅಂದರೆ ಟಾಸ್ಕ್‌ಬಾರಿನ ಕಡೆ ಕಣ್ಣೂ ಹಾಯಿಸದೆ ಹೊಸದೊಂದನ್ನೇ ತೆರೆಯುತ್ತಾಳೆ. ಸಂಜೆ ನೋಡಿದರೆ ಅಲ್ಲಿ ಅದೇ ಪುಟದ ಪ್ರತಿಗಳು ಸಾಲುಗಟ್ಟಿವೆ, ಒಂದೊಂದರಲ್ಲೂ ಅರ್ಧರ್ಧ ಹೆಸರು! ಕೆಳಗಿನ ಪಟ್ಟಿಯಲ್ಲಿ ಒತ್ತು ಎಂದು ಹೇಳಿ ಹೇಳಿ ನನ್ನ ಗಂಟಲು ಕಟ್ಟಿತು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು ಎಂದೂ ಅಂದುಬಿಟ್ಟೆ. ಅವಳು ನಕ್ಕು, ಕೋಣಕ್ಕೂ ಒಂದು ಕಾರಣ ಇರುತ್ತೆ ಎಂದಳು. ಅದೇನು ಬೊಗಳು ಎಂದೆ.

"ಥಿಯೇಟರಲ್ಲಿ ಕೆಳಗೆ ಬಿದ್ದಿದ್ದನ್ನ ನಾವು ಮತ್ತೆ ಎತ್ತಲ್ಲ. ಕತ್ತರಿ ಬಿತ್ತಾ, ಮುಗೀತು, ಹೊಸದೇ ತಗೋಬೇಕು. ಆ ಪುಟ ಕೆಳಗಿಳಿದ್ರೆ ನನ್ನ ಕೈ ಅತ್ತ ಹೋಗೋದೇ ಇಲ್ಲ."

ಎಷ್ಟು ಜನರ ಕಣ್ಣು ಉಳಿದಿರುವುದು ಈ ಹಟದಿಂದಲೋ! ಅಂಥ ಕೈಯನ್ನು ಕಣ್ಣಿಗೊತ್ತಿಕೊಳ್ಳಬೇಕು ಅನ್ನಿಸಿತು.

ಆ ಪಟ್ಟಿ ನೆಲವಲ್ಲ ಅಕ್ಕಾ, ಕತ್ತರಿ ಇಡುವ ನಿನ್ನ ಟ್ರೇ. ನೀನು ಪಕ್ಕಕ್ಕಿಟ್ಟದ್ದು ಅಲ್ಲಿ ಹಾಗೇ ಕಾದಿರುತ್ತದೆ ಎಂದೆ. ಅವಳು ಅನುಮಾನದಿಂದಲೇ ಒತ್ತಿದಳು. ಪುಟ ಮೇಲೆದ್ದಿತು, ಅರ್ಧ ಬರೆದ ಹೆಸರೂ ಇದ್ದಲ್ಲೇ ಇತ್ತು. ಆಮೇಲೆ ಎಲ್ಲ ನೀರು ಕುಡಿದಷ್ಟು ಸಲೀಸು. ಬೇಕಾದ್ದನ್ನೆಲ್ಲ ಅಲ್ಲೇ ಉಳಿಯುವಂತೆ ಟಾಸ್ಕ್‌ಬಾರಿಗೆ ಪಿನ್ ಮಾಡಿ, ಯಾವುದು ಮೊದಲು ಬೇಕೋ ಅದು ಮೊದಲು ಬರುವಂತೆ ಎಳೆದು ಜೋಡಿಸಿಕೊಂಡಳು. ಹಾಗೆ ಜೋಡಿಸಬಹುದೆಂದು ನಾನು ಹೇಳಿಕೊಟ್ಟೇ ಇರಲಿಲ್ಲ.

ಸೋಮವಾರ ನಾನೂ ಹೋಗಿ ರೋಗಿಗಳ ಬೆಂಚಿನಲ್ಲಿ ಕೂತೆ. ಫೋನಿನಲ್ಲಿ ಯಾರೋ ದಿನ ಕೇಳುತ್ತಿದ್ದರು, ಎದುರಿಗೊಬ್ಬ ಅಜ್ಜಿ ತಮ್ಮ ಹನಿಮದ್ದಿನ ಹೆಸರು ಕೇಳುತ್ತಿದ್ದರು, ಹಿಂದೆ ಡಾಕ್ಟರು ನಿಂತು ಇನ್ನಾರದೋ ಸ್ಕ್ಯಾನ್ ತೋರಿಸಿ ಎನ್ನುತ್ತಿದ್ದರು. ಅಕ್ಕ ಒಂದನ್ನಿಳಿಸಿದಳು, ಇನ್ನೊಂದನ್ನೆತ್ತಿದಳು, ಯಾರನ್ನೂ ಕಾಯಿಸಲಿಲ್ಲ. ಎಲಾ ಇವಳ ಎಂದುಕೊಂಡೆ.

ಡಾಕ್ಟರು ಹೊಗಳಲಿಲ್ಲ. ಒಳಗಿನಿಂದ ಗಿಡ್ಡ ಸ್ಟೂಲೊಂದನ್ನು ತಂದು, ತಾವೇ ಬಗ್ಗಿ ಮೇಜಿನಡಿ ಇಟ್ಟರು.

"ಇದರ ಮೇಲೆ ಕಾಲಿಟ್ಕೊಳ್ಳಿ ಸಿಸ್ಟರ್. ದಿನಾ ಕೂರೋದಲ್ವಾ."

ಅಕ್ಕ ಕಾಲಿಟ್ಟುಕೊಂಡಳು. ಫೋನಿನವರಿಗೆ ಬುಧವಾರ ಬನ್ನಿ ಎಂದಳು. ಅವತ್ತೂ ನೀವೇ ಇರುತ್ತೀರಾ ಎಂದು ಅತ್ತಲಿಂದ ಕೇಳಿದರೇನೋ, ಅವಳು ಸ್ಟೂಲಿನ ಮೇಲಿದ್ದ ಕಾಲನ್ನೊಮ್ಮೆ ನೋಡಿಕೊಂಡಳು.

"ಇರ್ತೀನಿ," ಎಂದಳು. "ನಾನೇ ಇರ್ತೀನಿ."