ಹಸಿರು ಬಲೆಯ ಕೆಳಗೆ ಯಾರೂ ಇಲ್ಲ

"ಏಯ್ ನೊರೆ, ಬಗ್ಗೇ ಕೆಳಗೆ! ನಿನ್ನ ದರಿದ್ರ ಮೂತಿ ಫೋಟೋದಲ್ಲಿ ಬೀಳ್ತಿದೆ!"

ಮೇಸ್ತ್ರಿ ಕೂಗಿದ್ದೇ ತಡ, ನೊರೆ ಬಕೆಟ್ ಸಮೇತ ಗುಂಡಿಯಲ್ಲಿ ಕುಕ್ಕರಿಸಿದಳು. ಗ್ಯಾಸ್ ಪೈಪಿನ ಜಾಯಿಂಟುಗಳಿಗೆ ಬ್ರಷ್ಷಿನಿಂದ ಸೋಪಿನ ನೀರು ಬಳಿಯುವುದು ಅವಳ ಕೆಲಸ. ಗ್ಯಾಸ್ ಸೋರುತ್ತಿದ್ದರೆ ಅಲ್ಲಿ ಗುಳ್ಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಹನ್ನೊಂದು ವರ್ಷ ಇದನ್ನೇ ಮಾಡಿ ಅವಳ ಹೆಸರೇ ನೊರೆ ಎಂದಾಗಿ, ನಿಜವಾದ ಹೆಸರನ್ನು ಗಂಡನೂ ಮರೆತಿದ್ದ. ಅವಳಿಗೆ ಇನ್ನೊಂದು ರೋಗವಿತ್ತು. ಹೆದರಿಕೆಯಾದರೂ ನಗು, ಸಿಟ್ಟು ಬಂದರೂ ನಗು. ಒಮ್ಮೆ ಶುರುವಾಯಿತೆಂದರೆ ಹೊಟ್ಟೆ ಹಿಡಿದುಕೊಂಡರೂ ನಿಲ್ಲುತ್ತಿರಲಿಲ್ಲ.

ಮೇಲೆ ಫೋಟೋ ತೆಗೆಯುತ್ತಿದ್ದವನು ವರದಿ ಬರೆಯಲು ಬಂದ ಕನ್ನಡಕದವನು. ಹಳೆಯ ಪೈಪಿನ ಮಗ್ಗುಲಲ್ಲೇ ಅದರ ಎರಡರಷ್ಟು ದಪ್ಪದ ಹೊಸ ಪೈಪು ಬರುವುದಿತ್ತು. ಅದರಿಂದ ನೀರಿಗೇನಾಗುತ್ತದೆ, ಗಾಳಿಗೇನಾಗುತ್ತದೆ, ಇರುವೆಯಿಂದ ಹಿಡಿದು ಮನುಷ್ಯರವರೆಗೆ ಯಾರಿಗೇನಾಗುತ್ತದೆ ಎಂದು ಎಲ್ಲವನ್ನೂ ನೋಡಿ ಬರೆಯಬೇಕಾದ ಪುಣ್ಯಾತ್ಮ ಅವನು.

"ಮೇಸ್ತ್ರಿ, ಇಲ್ಲಿ ಗುಳ್ಳೆ ಏಳ್ತಿದೆ" ಎಂದಳು ನೊರೆ.

ಮೇಸ್ತ್ರಿ ಗುಂಡಿಗೆ ಬಗ್ಗಿದ. ನಿಂಬೆಹಣ್ಣಿನಷ್ಟು ದಪ್ಪನೆಯ ಗುಳ್ಳೆಯೊಂದು ಬಿಸಿಲಿಗೆ ಏಳು ಬಣ್ಣ ತೋರಿಸುತ್ತಾ ಜಾಯಿಂಟಿನ ಮೇಲೆ ಕುಣಿಯುತ್ತಿತ್ತು. ಅವನು ಹೆಬ್ಬೆರಳಿನಿಂದ ಅದನ್ನು ಪಟ್ಟನೆ ಒಡೆದ.

"ಎಲ್ಲಿದೆಯೇ ಗುಳ್ಳೆ? ತೋರಿಸು ನೋಡೋಣ?"

ಅಷ್ಟರಲ್ಲಿ ಇನ್ನೊಂದು ಎದ್ದಿತು. ಅದನ್ನೂ ಒಡೆದ. ಮೂರನೆಯದು ಎದ್ದಿತು. ನೊರೆಗೆ ನಗು ತಡೆಯಲಾಗಲಿಲ್ಲ. "ಹಲ್ಲು ಕಿರೀತೀಯೇನೇ ಬೋಳಿ" ಎಂದು ಮೇಸ್ತ್ರಿ ಅವಳ ತಲೆಗೊಂದು ಮೊಟಕಿದ. ಅವಳು ಮೊಟಕಿಸಿಕೊಂಡೇ ನಕ್ಕಳು.

ನೊರೆಯ ಮನೆ ಇದ್ದದ್ದು ಸಾಲುಮನೆಯಲ್ಲಿ. ಪೈಪಿನಿಂದ ಇಪ್ಪತ್ತು ಹೆಜ್ಜೆ ದೂರ, ತಗಡಿನ ಸೂರು, ಎದುರುಬದುರು ಮೂವತ್ತೊಂದು ಮನೆ. ಹಳೆಯ ಪೈಪು ಹೂಳಲು ಗುಂಡಿ ತೋಡಲು ಬಂದವರನ್ನು ಮೂವತ್ತು ವರ್ಷದ ಹಿಂದೆ ಕಂಪನಿಯವರೇ ಅಲ್ಲಿ ಕೂರಿಸಿದ್ದರು. ಗುಂಡಿ ತೋಡಿದ ಆ ಮೊದಲಿಗರಲ್ಲಿ ನೊರೆಯ ಅತ್ತೆಯೂ ಒಬ್ಬಳು. ಮುದುಕಿಗೆ ಈಗ ಮೊಣಕಾಲು ಮಡಚಲು ಬರುವುದಿಲ್ಲ. ನಾಲಿಗೆ ಮಾತ್ರ ಎತ್ತ ಬೇಕಾದರೂ ಮಡಚುತ್ತದೆ.

ಅದೇ ವಾರ ಲಾರಿಯಲ್ಲಿ ಹಸಿರು ಬಲೆ ಬಂತು. ನೆರಳಿಗೆ ಕಟ್ಟುತ್ತಾರಲ್ಲ, ಆ ಬಲೆ. ಸುರುಳಿ ಸುರುಳಿಯಾಗಿ, ಇಡೀ ಬೀದಿಗೆ ಸಾಕಾಗಿ ಮಿಗುವಷ್ಟು.

"ಬಿಸಿಲಲ್ಲಿ ಬೇಯ್ತಿದ್ದೀರಲ್ಲ, ಪಾಪ" ಎಂದ ಮೇಸ್ತ್ರಿ. ಅವನ ಬಾಯಲ್ಲಿ ಪಾಪ ಎಂಬ ಮಾತು ಬಂದಿದ್ದು ಅದೇ ಮೊದಲು. "ಕಂಪನಿ ಪುಕ್ಕಟೆ ಕೊಡ್ತಿದೆ. ಸೂರಿಂದ ಸೂರಿಗೆ ಎಳೆದು ಕಟ್ಟಿ, ಬೀದಿ ಮೇಲೂ ಬರಲಿ. ಎಲ್ಲೂ ಸಂದು ಬಿಡಬೇಡಿ."

ಸಂದು ಬಿಡುತ್ತಾರೆಯೇ! ಪುಕ್ಕಟೆ ಸಿಕ್ಕಿದ್ದನ್ನು ಕಂಡು ಸಾಲುಮನೆಗೆ ಹುಚ್ಚೇ ಹಿಡಿಯಿತು. ಹೆಂಗಸರು ಸೆರಗು ಕಟ್ಟಿ ಸೂರು ಹತ್ತಿದರು. ಕಟ್ಟುವ ಬಗೆಯನ್ನು ನೊರೆಯೇ ಎಲ್ಲರಿಗೂ ಕಲಿಸಿದಳು. ಪೈಪಿನ ಗುಂಡಿಗಳ ಸುತ್ತ ಬಲೆ ಕಟ್ಟಲು ಲೈನಿನವರು ಹಾಕುವ ಗಂಟು ಅದು. ಉದ್ದನೆಯ ತುದಿ ಎಳೆದರೆ ಇನ್ನೂ ಬಿಗಿಯುತ್ತದೆ, ಗಿಡ್ಡನೆಯ ತುದಿ ಎಳೆದರೆ ಒಂದೇ ಏಟಿಗೆ ಬಿಚ್ಚಿಕೊಳ್ಳುತ್ತದೆ. ಗೊತ್ತಿಲ್ಲದವರು ಉದ್ದನೆಯದನ್ನೇ ಎಳೆಯುತ್ತಾರೆ. ಅತ್ತೆಗೆ ಮಾತ್ರ ಯಾವ ಗಂಟಿನ ಮೇಲೂ ನಂಬಿಕೆಯಿಲ್ಲ. ಗಾಳಿಗೆ ಹಾರಿದರೆ ಏನು ಗತಿ ಎಂದು ಸೊಸೆಯ ಪ್ರಾಣ ತಿಂದು, ತನ್ನ ಕೆಂಪು ಟಬ್ಬಿಗೆ ಕಲ್ಲು ತುಂಬಿಸಿ ಸೂರಿನ ನಡುಮಧ್ಯೆ ಬಲೆಯ ಮೇಲೆ ಇಡಿಸಿದಳು.

ಮಾರನೆಯ ದಿನ ಡ್ರೋನ್ ಬಂತು. ಬೀದಿಯವರೆಲ್ಲ ತಂಪಾದ ಹಸಿರು ನೆರಳಲ್ಲಿ ಕಾಲು ಚಾಚಿ ಮಲಗಿದ್ದರು. ತಲೆಯ ಮೇಲೆ ಗುಂಯ್ ಎನ್ನುವ ಸದ್ದು ಕೇಳಿ, ಮಲಗಿದ್ದಲ್ಲಿಂದಲೇ ಬಲೆಯ ಕಡೆಗೆ ಕೈ ಬೀಸಿ ಟಾಟಾ ಮಾಡಿದರು. ನೊರೆ ಎರಡೂ ಕೈ ಬೀಸಿದಳು.

ಒಂದು ತಿಂಗಳಾದ ಮೇಲೆ ಕಂಪನಿಯ ಅಂಗಳದಲ್ಲಿ ಸಾರ್ವಜನಿಕ ವಿಚಾರಣೆ ಎಂದು ಗೋಡೆಗೆ ಚೀಟಿ ಅಂಟಿಸಿದರು. ತೊಂದರೆಗೊಳಗಾಗುವವರು ಬಂದು ಹೇಳಿಕೊಳ್ಳಬಹುದಂತೆ. ಹೊಸ ಪೈಪಿಗೆ ಬಿಡಬೇಕಾದ ಜಾಗದಲ್ಲಿ ಸಾಲುಮನೆಯ ಮೂವತ್ತೊಂದೂ ಸೂರು ಬೀಳುತ್ತವೆ ಎಂಬುದು ಅಷ್ಟರಲ್ಲಿ ಎಲ್ಲರಿಗೂ ತಿಳಿದಿತ್ತು. ಬೇರೆ ಕಡೆ ಮನೆ ಕಟ್ಟಿಕೊಡದೆ ಇಲ್ಲಿಂದ ಎಬ್ಬಿಸುವ ಹಾಗಿಲ್ಲ ಎಂದು ಚೀಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಆ ಸಣ್ಣ ಅಕ್ಷರವನ್ನು ನಂಬಿಕೊಂಡು ಇಡೀ ಬೀದಿ ತಲೆ ಬಾಚಿಕೊಂಡು ಹೊರಟಿತು.

ನೊರೆ ಬೆಳಿಗ್ಗೆಯೇ ಹೋಗಿದ್ದಳು. ಚಪ್ಪರ ಹಾಕುವವರು ಬೇಕೆಂದು ಮೇಸ್ತ್ರಿ ಅವಳನ್ನೇ ಕರೆದಿದ್ದ. ವಿಚಾರಣೆ ನಡೆಸಲು ಬರುವ ಸರ್ಕಾರಿ ಸಾಹೇಬರು ಕೂರುವ ವೇದಿಕೆಗೆ ಬಿಸಿಲು ಬೀಳಬಾರದು. ಮಿಕ್ಕಿದ್ದ ಹಸಿರು ಬಲೆಯನ್ನೇ ಎರಡು ಪದರ ಮಾಡಿ ನಾಲ್ಕು ಕಂಬಕ್ಕೆ ಅವಳೇ ಕಟ್ಟಿದ್ದಳು, ಅದೇ ಗಂಟು ಹಾಕಿ.

ವೇದಿಕೆಯ ಮೇಲೆ ಮೂವರು ಕೂತರು: ನಡುವೆ ಸಾಹೇಬರು, ಎಡಕ್ಕೆ ಕನ್ನಡಕದವನು, ಬಲಕ್ಕೆ ಕಂಪನಿಯ ದೊಡ್ಡ ಮನುಷ್ಯ. ಕೆಳಗೆ ಪಕ್ಕದಲ್ಲಿ ಪುಟ್ಟ ಮೇಜು ಹಾಕಿಕೊಂಡು ಟೈಪಿಸ್ಟ್ ಕೂತಿದ್ದ. ಬಿಸಿಲಿಗೆ ಬೆಂದು ಬದನೆಕಾಯಿಯಾಗಿದ್ದ ಬಡಪಾಯಿ.

"ಇಲ್ಲಿ ಆಡುವ ಪ್ರತಿ ಮಾತೂ ದಾಖಲಾಗುತ್ತೆ. ಆ ದಾಖಲೆ ನೋಡಿಯೇ ಮೇಲಿನವರು ತೀರ್ಮಾನ ಮಾಡ್ತಾರೆ" ಎಂದರು ಸಾಹೇಬರು. ಟೈಪಿಸ್ಟ್ ಟಕಟಕ ಬಡಿದ.

ಕನ್ನಡಕದವನು ಎದ್ದು ಓದತೊಡಗಿದ. ಹೊಸ ಪೈಪಿನ ಜಾಗದಲ್ಲಿ ಹಕ್ಕಿಗಳು ನೂರ ನಾಲ್ಕು ಬಗೆ. ಹಾವು ಹದಿನೇಳು ಬಗೆ. ಕಪ್ಪೆ ಆರು. ಮೊಲಗಳು ಇರುವುದರಿಂದ ಅವು ದಾಟಿ ಹೋಗಲು ಪೈಪಿನಡಿ ದಾರಿ ಬಿಡಲಾಗುವುದು.

"ಮನುಷ್ಯರು?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಜನವಸತಿ ಸೊನ್ನೆ" ಎಂದು ಅವನು ಪುಟ ತಿರುಗಿಸಿದ. "ಈ ಚಿತ್ರ ನೋಡಿ."

ವೇದಿಕೆಯ ಪಕ್ಕ ನಿಲ್ಲಿಸಿದ್ದ, ಬಾಗಿಲಿನಷ್ಟು ದೊಡ್ಡ ಫೋಟೋ. ಆಕಾಶದಿಂದ ತೆಗೆದದ್ದು. ಪೈಪಿನ ಗೆರೆ, ಕಚ್ಚಾ ರಸ್ತೆ, ರಸ್ತೆಯ ಪಕ್ಕದಲ್ಲಿ ಉದ್ದಕ್ಕೂ ಹಸಿರೋ ಹಸಿರು.

"ಇದು ದಟ್ಟವಾದ ಕುರುಚಲು ಪೊದೆ. ಇಲ್ಲಿ ಕೆಂಪಗೆ ಕಾಣ್ತಿದೆಯಲ್ಲ, ಅದು ಹೂ ಬಿಟ್ಟಿರೋ ಗಿಡ."

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದಳು. ಮೊಣಕಾಲು ಮಡಚದವಳು ಅದು ಹೇಗೆ ಎದ್ದಳೋ.

"ಅಯ್ಯೋ ನಿನ್ನ ಕಣ್ಣಿಗಿಷ್ಟು ಬೆಂಕಿ ಬೀಳ! ಅದು ನಾನು ಬಟ್ಟೆ ಒಗೆಯೋ ಟಬ್ಬು ಕಣೋ!"

ನೊರೆ ಪಕ್ಕನೆ ನಕ್ಕಳು. ಕಟ್ಟಿದ್ದು ತಾನು, ಗಂಟು ಕಲಿಸಿದ್ದು ತಾನು, ಇಡೀ ಬೀದಿಯನ್ನು ಸಂದು ಬಿಡದೆ ಮುಚ್ಚಿ ಮೇಲಕ್ಕೆ ಟಾಟಾ ಬೇರೆ ಮಾಡಿದ್ದು ತಾನು! ಅಳಬೇಕಾದ ಹೊತ್ತಿನಲ್ಲೂ ಬಾಯಿಂದ ಬರುತ್ತಿದ್ದದ್ದು ನಗು. ಅದು ಪಕ್ಕದವಳಿಗೆ ಅಂಟಿತು, ಅವಳಿಂದ ಹಿಂದಿನ ಸಾಲಿಗೆ. "ಹೂ ಬಿಟ್ಟಿದೆಯಂತೆ ಕಣೇ ನಿಮ್ಮತ್ತೆ ಟಬ್ಬು!" "ಹಂಗಾದ್ರೆ ನನ್ನ ಗಂಡ ಯಾವ ಗಿಡವೇ?" "ಅವನು ಕಳ್ಳಿ ಬಿಡೇ!" ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು.

"ಸೈಲೆನ್ಸ್!" ಸಾಹೇಬರು ಮೇಜು ಗುದ್ದಿದರು. "ತೊಂದರೆಗೊಳಗಾಗುವವರು ಮಾತ್ರ ಮಾತಾಡಬೇಕು."

"ನಾವೇ ಸಾಮಿ ಅವ್ರು" ಎಂದಳು ಅತ್ತೆ.

"ಪಟ್ಟಿಯಲ್ಲಿದ್ದೀಯಾ?"

"ಪಟ್ಟಿ ತೋರಿಸಿ ಮತ್ತೆ."

"ಪಟ್ಟಿಯಲ್ಲಿ ಯಾರೂ ಇಲ್ಲ. ಸೊನ್ನೆ ಅಂತ ಈಗ ತಾನೇ ಓದಲಿಲ್ಲವಾ?"

"ಹಂಗಾದ್ರೆ ನನ್ನನ್ನ ಮೊಲ ಅಂತಾದ್ರೂ ಬರ್ಕೊಳ್ಳಿ, ಅದಕ್ಕೆ ದಾರಿ ಬಿಡ್ತೀರಂತಲ್ಲ! ಈ ಪೈಪಿಗೆ ಗುಂಡಿ ತೋಡಿದ ಕೈ ಇದು. ಪೊದೆ ತೋಡಿತೇನ್ರೋ ನಿಮ್ಮಪ್ಪನ ಗುಂಡೀನ?"

ಕಂಪನಿಯ ದೊಡ್ಡ ಮನುಷ್ಯ ಮೂಗಿಗೆ ಕರವಸ್ತ್ರ ಹಿಡಿದ. "ಈ ಕೊಳಕು ಮುದುಕೀನ ಆಚೆ ಹಾಕ್ರಯ್ಯ."

ಮೇಸ್ತ್ರಿ ಬಂದು ಅತ್ತೆಯ ರಟ್ಟೆ ಹಿಡಿದು ಎಳೆದ. ಅವಳು ಕೊಸರಿಕೊಂಡಳು. ಅವನು ತಳ್ಳಿದ. ಮಡಚದ ಮೊಣಕಾಲಿನ ಮುದುಕಿ ಕೊರಡಿನ ಹಾಗೆ ನೆಟ್ಟಗೆ ಬಿದ್ದಳು. ಮೊಣಕೈ ತರಚಿ ರಕ್ತ ಬಂತು. ನಗು ನಿಂತುಹೋಯಿತು.

"ತೊಂದರೆಗೊಳಗಾಗುವವರು ಯಾರೂ ಇಲ್ಲದ ಕಾರಣ ಆಕ್ಷೇಪಣೆಯೂ ಇಲ್ಲ" ಎಂದು ಸಾಹೇಬರು ಹೇಳಿ ಬರೆಸಿದರು. "ವಿಚಾರಣೆ ಇಲ್ಲಿಗೆ—"

ನೊರೆ ಅತ್ತೆಯನ್ನು ಎತ್ತಿ ಕೂರಿಸಿದಳು. ತಲೆ ಎತ್ತಿದಾಗ ಕಣ್ಣಿಗೆ ಬಿದ್ದದ್ದು ವೇದಿಕೆಯ ಮುಂಗಂಬದ ಗಂಟು. ತಾನೇ ಹಾಕಿದ್ದು. ಉದ್ದನೆಯ ತುದಿ ಒಂದು, ಗಿಡ್ಡನೆಯ ತುದಿ ಒಂದು. ಎಲ್ಲೋ ಒಳಗಿನಿಂದ ಗುಳ್ಳೆ ಗುಳ್ಳೆಯಾಗಿ ನಗು ಮತ್ತೆ ಎದ್ದಿತು. ಈ ಸಲ ಅದರಲ್ಲಿ ಹೆದರಿಕೆ ಇರಲಿಲ್ಲ. ಅವಳು ನಡೆದುಹೋಗಿ ಗಿಡ್ಡನೆಯ ತುದಿ ಎಳೆದಳು. ಅವಳ ಮುಖ ನೋಡಿದ ಪಕ್ಕದ ಮನೆಯವಳು ಎದುರು ಕಂಬಕ್ಕೆ ಓಡಿದಳು. ಮತ್ತಿಬ್ಬರು ಹಿಂದಿನ ಎರಡು ಕಂಬಕ್ಕೆ ಓಡಿದರು.

ಬಲೆ ಎರಡೂ ಪದರ ಸಮೇತ ದೊಪ್ಪನೆ ಕೆಳಗಿಳಿಯಿತು. ಸಾಹೇಬರು, ಕನ್ನಡಕದವನು, ದೊಡ್ಡ ಮನುಷ್ಯ, ಮೈಕು, ನೀರಿನ ಬಾಟಲಿ, ನೂರ ನಾಲ್ಕು ಹಕ್ಕಿ, ಎಲ್ಲ ಒಳಗೆ.

"ಬಿಚ್ರೋ! ಏಯ್! ಯಾರೋ ಅದು!" ಕೊಡವಿದಷ್ಟೂ ಬಲೆ ಅಂಗಿಯ ಗುಂಡಿಗೆ, ಕನ್ನಡಕಕ್ಕೆ, ಕುರ್ಚಿಯ ಕಾಲಿಗೆ ಸುತ್ತಿಕೊಂಡಿತು. ಬಿಡಿಸಲು ಓಡಿಬಂದ ಮೇಸ್ತ್ರಿ ಇನ್ನೊಂದು ಅಂಚಿಗೆ ಸಿಕ್ಕಿ ಮುಗ್ಗರಿಸಿ ತಾನೂ ಒಳಗೆ ಬಿದ್ದ.

"ಗಾಳಿಗೆ ಹಾರಿದ್ರೆ ಏನ್ರೇ ಗತಿ? ಭಾರ ಇಡ್ರೇ!" ಎಂದು ಅತ್ತೆ ಕೂತಲ್ಲಿಂದಲೇ ಕೂಗಿದಳು.

ಸಾಲುಮನೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಲೆಯ ಅಂಚಿನ ಮೇಲೆ ಸುತ್ತಲೂ ಚಕ್ಕಳಮಕ್ಕಳ ಹಾಕಿ ಕೂತರು. ಗಂಡಸರೂ ಬಂದು ಕೂತರು. ನೊರೆ ನಗುತ್ತಲೇ ಟೈಪಿಸ್ಟನ ಮೇಜಿನ ಹತ್ತಿರ ಬಂದಳು.

"ನಡೆದದ್ದೆಲ್ಲ ಬರೀಬೇಕು ಅಲ್ವಾ ಅಣ್ಣ? ಬರ್ಕೋ. ವೇದಿಕೆ ಮೇಲೆ ನೋಡಿದ್ವಿ. ದಟ್ಟವಾದ ಕುರುಚಲು ಪೊದೆ. ಜನವಸತಿ ಸೊನ್ನೆ."

"ಟೈಪ್ ಮಾಡಿದ್ರೆ ನಿನ್ನ ಕೆಲಸ ತೆಗೀತೀನಿ ಲೋಫರ್!" ಬಲೆಯೊಳಗಿಂದ ಸಾಹೇಬರು ಅರಚಿದರು.

"ಯಾರಾದ್ರೂ ಮಾತಾಡಿದ ಹಾಗಾಯ್ತಾ ಅಣ್ಣ?"

ಟೈಪಿಸ್ಟ್ ಬಲೆಯನ್ನು ನೋಡಿದ, ಮುದುಕಿಯ ಮೊಣಕೈಯನ್ನು ನೋಡಿದ. ಬೆಳಗಿನಿಂದ ನೆತ್ತಿ ಸುಡುತ್ತಿದ್ದ ಬಿಸಿಲಿನಲ್ಲಿ ಬೆವರು ಒರೆಸಿಕೊಂಡ.

"ಇಲ್ಲಮ್ಮ. ಮೊಲ ಇರಬೇಕು" ಎಂದ.

ಅಂಗಳ ಹೋ ಎಂದಿತು. ಅವನು ಹೊಸ ಹಾಳೆ ಏರಿಸಿ, "ಮೊದಲನೇ ಮನೆ ಯಾರದ್ದು ಹೇಳಿ. ಎಷ್ಟು ಜನ?" ಎಂದು ಕೇಳಿದ.

"ನಂದು" ಎಂದಳು ಅತ್ತೆ. "ನಾಲ್ಕು ಜನ. ಒಂದು ಟಬ್ಬು. ಟಬ್ಬೂ ಬರೀಬೇಕು."

ಅವನು ಟಬ್ಬನ್ನೂ ಬರೆದ. ಎರಡನೇ ಮನೆ ಹೇಳಿತು, ಮೂರನೇ ಮನೆ ಹೇಳಿತು. ಕೂತವರು ಕೂತಲ್ಲಿಂದಲೇ ಸರದಿಯಲ್ಲಿ ಕೂಗುತ್ತಿದ್ದರು, ಒಂದೊಂದು ಮನೆಗೂ ಒಂದೊಂದು ನಗೆ ಸಿಡಿಯುತ್ತಿತ್ತು. ಬಲೆಯೊಳಗೆ ದೊಡ್ಡ ಮನುಷ್ಯನ ಫೋನು ಬೆಳಗುವುದು, ಅವನು ಯಾರಿಗೋ ಪಿಸುಗುಟ್ಟುವುದು ನೊರೆಗೆ ಕಾಣುತ್ತಿತ್ತು. "ಬೇಗ ಬೇಗ ಹೇಳ್ರೇ" ಎಂದಳು.

ಹದಿನೆಂಟನೇ ಮನೆ ಬರೆಯುವಾಗ ಪೊಲೀಸ್ ಜೀಪು ಗೇಟಿನೊಳಗೆ ಬಂತು. ಹಿಂದೆಯೇ ಇನ್ನೊಂದು. ಬಾಗಿಲುಗಳು ತೆರೆದುಕೊಂಡವು, ಬೂಟುಗಳು ಇಳಿದವು, ಲಾಠಿಗಳೂ ಇಳಿದವು. ಟೈಪಿಸ್ಟನ ಬೆರಳು ಕೀಲಿಯ ಮೇಲೇ ಇದ್ದವು. ಅಂಚಿನ ಮೇಲೆ ಕೂತವರಲ್ಲಿ ಒಬ್ಬರೂ ಏಳಲಿಲ್ಲ.

"ಹತ್ತೊಂಬತ್ತು" ಎಂದಳು ನೊರೆ, ನಗು ಒರೆಸಿಕೊಳ್ಳುತ್ತಾ.