ಏಕವಚನ

“ಟೋಪಿ ತೆಗಿಯೋ, ಕಿವಿ ಕೇಳ್ಸಲ್ವಾ?” ಗುಮಾಸ್ತ ಮತ್ತೆ ಗದರಿದ.

ಮೈಲ್ಸ್ ಥ್ವೇಟ್ ಆರೋಪಿಗಳ ಬೆಂಚಿನ ಮುಂದೆ ನಿಂತಲ್ಲೇ ನಿಂತಿದ್ದ. ಕಂದು ಉಣ್ಣೆಯ ಅಗಲಂಚಿನ ಟೋಪಿ ಹುಬ್ಬಿನವರೆಗೂ ಇಳಿದಿತ್ತು. “ಕೇಳಿಸ್ತು,” ಎಂದ ಮೆತ್ತಗೆ. ಆಮೇಲೆ ಎತ್ತರದ ಕುರ್ಚಿಯ ಕಡೆ ತಿರುಗಿ, “ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ, ಜಾಫ್ರಿ,” ಎಂದ.

ಕುರ್ಚಿಯಲ್ಲಿದ್ದ ನ್ಯಾಯಾಧೀಶರು ಸರ್ ಜಾಫ್ರಿ ವಿಂಡರ್. ಥಾರ್ನ್‌ಬೆಕ್ ಪೇಟೆಯಲ್ಲಿ ಅವರನ್ನು ಹಾಗೆ ಬರೀ ಹೆಸರು ಹಿಡಿದು ಕರೆಯುತ್ತಿದ್ದವಳು ಹೆತ್ತ ತಾಯಿ ಒಬ್ಬಳೇ, ಆಕೆಯೂ ತೀರಿಕೊಂಡು ಬಹಳ ಕಾಲವಾಗಿತ್ತು.

ಜನರ ನಡುವೆ ಕೂತಿದ್ದ ಆಗ್ನಿಸ್ ಹಲ್ಲು ಕಚ್ಚಿದಳು. ಕಟ್ಟಿಕೊಂಡವನ ಹಟ ಅವಳಿಗೆ ಹೊಸದಲ್ಲ. ರಾಜ ಮರಳಿ ಗದ್ದುಗೆ ಏರಿದ ಮೇಲೆ, ಯಾರ ಮುಂದೆಯೂ ಟೋಪಿ ತೆಗೆಯದ, ಎಲ್ಲರನ್ನೂ ‘ನೀನು’ ಎಂದೇ ಮಾತಾಡಿಸುವ ಕ್ವೇಕರ್ ಪಂಥದವರನ್ನು ಹುಡುಕಿ ಹುಡುಕಿ ಹಿಡಿಯುತ್ತಿದ್ದರು. ಮೈಲ್ಸ್ ಮಾಡಿದ ಅಪರಾಧವೆಂದರೆ ಭಾನುವಾರ ಚರ್ಚಿಗೆ ಹೋಗದೆ ಯಾರದೋ ಕೊಟ್ಟಿಗೆಯಲ್ಲಿ ತನ್ನಂಥವರ ಜೊತೆ ಬಾಯಿ ಮುಚ್ಚಿ ಕೂತದ್ದು. ಅವಳೇನೋ ಚರ್ಚಿಗೆ ಹೋಗುವವಳು. ಕೀರ್ತನೆಗಳನ್ನೆಲ್ಲ ಬಾಯಿಪಾಠ ಹೇಳುತ್ತಿದ್ದಳು. ಸುಮ್ಮನೆ ಕೂತರೆ ದೇವರು ಮಾತಾಡುತ್ತಾನೆ ಎನ್ನುವ ಗಂಡನ ಮಾತು ಅವಳ ತಲೆಗೆ ಹತ್ತಿರಲಿಲ್ಲ.

ಕೊಟ್ಟಿಗೆಯಲ್ಲಿ ಕೂತದ್ದನ್ನು ಸರ್ ಜಾಫ್ರಿ ಎಚ್ಚರಿಕೆ ಕೊಟ್ಟು ಮುಗಿಸುವವರಿದ್ದರು. ಅಡ್ಡ ಬಂದದ್ದು ಈ ಟೋಪಿ. ತೆಗೆಯದಿದ್ದರೆ ನ್ಯಾಯಸ್ಥಾನಕ್ಕೆ ಅವಮಾನ, ಅವಮಾನಕ್ಕೆ ಕೋಟೆಯ ಸೆರೆಮನೆ. ಹೋದ ಚಳಿಗಾಲ ಅಲ್ಲಿನ ಒದ್ದೆ ಹುಲ್ಲಿನ ಮೇಲೆ ಮಲಗಿ ಬಂದವನು ಈಗಲೂ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಉಸಿರೆಳೆದುಕೊಳ್ಳುತ್ತಿದ್ದ. ಇನ್ನೊಂದು ಚಳಿಗಾಲ ಅವನು ಬದುಕುವುದಿಲ್ಲ. ಅದು ಅವಳಿಗೂ ಗೊತ್ತು, ಅವನಿಗೂ ಗೊತ್ತು.

“ತಲೇಲಿ ಹಕ್ಕಿ ಗೂಡು ಕಟ್ಟಿರಬೇಕು ಸ್ವಾಮಿ, ಹಾರಿಹೋಗುತ್ತೆ ಅಂತ ಹೆದರಿಕೆ!” ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು.

“ನೋಡಯ್ಯ,” ಎಂದರು ಸರ್ ಜಾಫ್ರಿ. ಕೆಟ್ಟ ಮನುಷ್ಯರಲ್ಲ, ಹಸಿದಿದ್ದರು. “ನಿನ್ನ ಮನಸ್ಸಿನೊಳಗೆ ಏನು ಬೇಕಾದರೂ ನಂಬಿಕೋ. ಹೊರಗೆ ಒಂದಿಷ್ಟು ಮರ್ಯಾದೆ ತೋರಿಸು. ನನ್ನನ್ನ ನೀನು ತಾನು ಅಂತೀಯಲ್ಲ, ಅದನ್ನೂ ಕೇಳಿ ಕೇಳದ ಹಾಗಿದ್ದೀನಿ.”

“ಪ್ರಾರ್ಥನೇಲಿ ದೇವರನ್ನೂ ನೀನು ಅಂತೀನಿ. ನಿನ್ನನ್ನ ಅವನಿಗಿಂತ ಮೇಲೆ ಕೂರಿಸಲಾ?” ಮೈಲ್ಸ್ ಉಸಿರಿಗಾಗಿ ನಿಂತ. “ರಾಜನಿಗೆ ಕಂದಾಯ ಕೊಟ್ಟಿದ್ದೀನಿ. ಅವನ ಕೈ ನನ್ನ ಜೇಬಿನವರೆಗೆ ಬರಲಿ. ಈ ತಲೆ ಒಳಗೆ ಬರೋದು ಬೇಡ.”

“ಒಳಗೆ ಯಾರು ಬಂದರು? ಮೇಲಿಂದು ತೆಗಿ ಅಂದೆ!”

ಪೇದೆ ಮುಂದೆ ಬಂದ. ಸರ್ ಜಾಫ್ರಿ ಕೈ ಎತ್ತಿ ತಡೆದರು. ಹಿಂದೊಮ್ಮೆ ಹೀಗೇ ಯಾರದೋ ಟೋಪಿ ಕಿತ್ತದ್ದಕ್ಕೆ ಪೇಟೆಯಲ್ಲಿ ಕಲ್ಲು ತೂರಾಟವಾಗಿತ್ತು. ಅವರ ಕಣ್ಣು ಜನರ ಮೇಲೆ ಓಡಾಡಿ ಆಗ್ನಿಸಳ ಮೇಲೆ ನಿಂತಿತು. “ಕಾನೂನಿಗೆ ಬೇಕಾದ್ದು ಟೋಪಿ ಇಲ್ಲದ ತಲೆ. ಯಾರು ತೆಗೆದರು ಅಂತ ಅದು ಕೇಳಲ್ಲ. ಬಾಮ್ಮಾ, ನೀನೇ ತೆಗೆದು ಗಂಡನ್ನ ಕರಕೊಂಡು ಹೋಗು.”

ಆಗ್ನಿಸ್ ಎದ್ದಳು. ಇಷ್ಟು ಸಲೀಸಾದ ದಾರಿ ಇದೆಯೆಂದು ಗೊತ್ತಿದ್ದರೆ ಬೆಳಿಗ್ಗೆಯೇ ಆ ಟೋಪಿಯನ್ನು ಒಲೆಗೆ ಹಾಕಿರುತ್ತಿದ್ದಳು. ಗಂಡನೆದುರು ಬಂದು ನಿಂತಾಗ ಮಾತ್ರ ಕೈ ಮೇಲೇಳಲಿಲ್ಲ.

“ನಾನು ತಡೆಯಲ್ಲ,” ಎಂದ ಮೈಲ್ಸ್, ಅವಳಿಗಷ್ಟೇ ಕೇಳುವಂತೆ. “ಕೈ ನಿಂದು. ನಿನಗೆ ಸರಿ ಕಂಡಿದ್ದು ಮಾಡು.”

“ನಿಮ್ಮ ಈ ಬುದ್ಧಿಯೇ ನನಗೆ ಆಗಲ್ಲ! ಮುಟ್ಟಬೇಡ ಅಂತ ಬೈರಿ. ಬೈದ್ರೆ ಸಲೀಸಾಗಿ ತೆಗೀತೀನಿ.”

ಅವನು ಬೈಯಲಿಲ್ಲ. ತಲೆಯನ್ನೂ ಬಗ್ಗಿಸಲಿಲ್ಲ. ಅವಳು ತುದಿಗಾಲಲ್ಲಿ ನಿಂತು ಟೋಪಿ ಎತ್ತಿದಳು. ಬೆವರಿಗೆ ಅಂಟಿದ ನಾಲ್ಕು ಎಳೆ ಕೂದಲು, ನೆತ್ತಿಯ ಬೋಳು ಎಲ್ಲವೂ ಬಯಲಾಯಿತು. “ಹಕ್ಕಿ ಇಲ್ಲ ಕಣ್ರೋ, ಬರೀ ಮೊಟ್ಟೆ!” ಎಂದಿತು ಅದೇ ದನಿ. ಸಭೆಗೆ ಸಭೆಯೇ ನಕ್ಕಿತು. ಆಗ್ನಿಸ್ ಕೀರ್ತನೆಯ ಸಾಲೊಂದನ್ನು ನೆನೆಯಲು ಹೋದಳು. ಅದೂ ಬಾರದೆ ಹೋಯಿತು.

ಸರ್ ಜಾಫ್ರಿಯವರೂ ನಗುತ್ತಿದ್ದರು. “ರಾಜನ ಕೈಲಾಗದ್ದು ಹೆಂಡತಿ ಕೈಲಾಯ್ತು! ಹೇಗೂ ಬಂದಿದ್ದೀಯ, ಅವನ ಕತ್ತು ಹಿಡಿದು ಒಂದು ಸಲ ಬಗ್ಗಿಸಿಬಿಡಮ್ಮ. ನಮ್ಮ ಕಡೆಗೆ.”

“ಟೋಪಿ ಅಂದೆ, ತೆಗೆದೆ! ಇನ್ನೇನು ಬೇಕು ನಿನಗೆ?”

ನಗು ಅಲ್ಲಿಗೇ ನಿಂತಿತು. ಏನು ಹೇಳಿದೆನೆಂದು ಆಗ್ನಿಸಳಿಗೆ ತಿಳಿದದ್ದು ಗುಮಾಸ್ತನ ಮುಖ ನೋಡಿದ ಮೇಲೆ.

“ಇವಳೂ ಅವರ ಪೈಕಿಯೇ ಸ್ವಾಮಿ!” ಎಂದ ಗುಮಾಸ್ತ. “ನೀನು ಅಂದಳು. ಎಲ್ಲರೂ ಕೇಳಿದ್ದಾರೆ.”

ಸರ್ ಜಾಫ್ರಿ ಹಣೆ ಉಜ್ಜಿಕೊಂಡರು. “ಸಿಟ್ಟಿಗೆ ಬಾಯಿತಪ್ಪಿ ಬಂತು. ಹಾಗಂತ ಒಂದು ಮಾತು ಹೇಳಮ್ಮ. ‘ನಿಮಗೆ’ ಅನ್ನು, ಇಬ್ಬರೂ ಮನೆಗೆ ಹೋಗಿ.”

ಬಾಯಿತಪ್ಪಿ ಬಂದದ್ದೇ ನಿಜ. ಅವಳು ಯಾವ ಪಂಥದವಳೂ ಅಲ್ಲ. ನಿಜವನ್ನೇ ಹೇಳಿ ಮನೆಗೆ ಹೋಗಬಹುದಿತ್ತು. ಬಾಯಿ ತೆರೆದಳು. ಎಷ್ಟೋ ವರ್ಷದಿಂದ ಪೇಟೆಯ ದೊಡ್ಡವರಿಗೆಲ್ಲ ಹಂಚಿದ ಆ ‘ನಿಮಗೆ’ ಈಗ ಹೊರಗೆ ಬರಲಿಲ್ಲ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

“ಅಂದುಬಿಡು, ಆಗ್ನಿಸ್.” ಮೈಲ್ಸ್ ಉಸಿರು ಸಾಲದೆ ಬೆಂಚಿನ ಮೇಲೆ ಕೂತ. “ಆ ಕೋಟೆ ನಿನಗೆ ಗೊತ್ತಿಲ್ಲ. ನಿನ್ನ ದಮ್ಮಯ್ಯ, ಒಂದು ಮಾತು ತಾನೇ?”

ಅವಳು ಗಂಡನ ಕಡೆ ತಿರುಗಿದಳು. ಬೆಳಿಗ್ಗೆ ಗಂಜಿ ಬಡಿಸುತ್ತಾ ತಾನು ಅವನಿಗೆ ಹೇಳಿದ್ದು ಇದೇ ಮಾತು. ಆಗ ಅವನು ನಕ್ಕಿದ್ದ.

“ಬರೀಲಾ ಸ್ವಾಮಿ?” ಗುಮಾಸ್ತ ಕೇಳಿದ.

“ತಾಳು,” ಎಂದರು ಸರ್ ಜಾಫ್ರಿ. “ಕೊನೇ ಸಲ ಕೇಳ್ತೀನಮ್ಮ.”

ಆರೋಪಿಗಳ ಬೆಂಚು ಗಿಡ್ಡದು. ಮೈಲ್ಸ್ ಅದರ ನಟ್ಟನಡುವೆ ಕೂತಿದ್ದ. ಆಗ್ನಿಸ್ ಲಂಗ ಎತ್ತಿ ಹಿಡಿದು ಅವನ ಪಕ್ಕಕ್ಕೆ ಬಂದಳು. ಮೊಣಕೈಯಿಂದ ತಿವಿದಳು.

“ಸರಿ ಆಚೆ.”

ಅವನು ಸರಿದ. ಅವಳು ಕೂತಳು. ಗುಮಾಸ್ತನ ಲೇಖನಿಯ ತುದಿಯಲ್ಲಿ ಮಸಿ ಒಣಗಿತ್ತು; ಅವನು ಅದನ್ನು ಮತ್ತೆ ದೌತಿಯಲ್ಲಿ ಅದ್ದಿದ.